ಗೋಡೆಯ ತೇವ, ಚಿತ್ರದ ಬೆಳಕು

ಬೆಂಗಳೂರಿನ ಯಾವುದೇ ಮ್ಯೂಸಿಯಮ್ಮಿನಲ್ಲಿ, ಕಾಗದದ ಮೇಲಿನ ಚಿತ್ರಗಳಿರುವ ಕೋಣೆಯಲ್ಲಿ ಹತ್ತು ನಿಮಿಷ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಏನ್ರೀ ಇದು, ಇಷ್ಟು ಕತ್ಲೆ? ಇನ್ನೊಂದು ಲೈಟ್ ಹಾಕೋಕೆ ಏನಂತೆ?" ಹೇಳಿದವರು ಮೂಲೆಯ ಸ್ಟೂಲಿನಲ್ಲಿ ಕೂತ ಸಿಬ್ಬಂದಿಯ ಮುಖ ನೋಡುತ್ತಾರೆ, ಸಿಬ್ಬಂದಿ ಚಾವಣಿ ನೋಡುತ್ತಾರೆ, ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆಮೇಲೆ ದೂರಿದವರೇ ಮೊಬೈಲ್ ತೆಗೆದು, ಅದರ ಬೆಳಕಿನಲ್ಲಿ ಪಕ್ಕದ ಚೀಟಿ ಓದಿ, ಚಿತ್ರವನ್ನು ಮೂರು ಸೆಕೆಂಡ್ ನೋಡಿ ಮುಂದಿನದಕ್ಕೆ ಹೋಗುತ್ತಾರೆ. ಸಿಬ್ಬಂದಿಗೆ ಉತ್ತರ ಗೊತ್ತಿಲ್ಲವೆಂದಲ್ಲ. ದಿನಕ್ಕೆ ಮೂವತ್ತು ಸಲ ಹೇಳಿ ಸಾಕಾಗಿರುತ್ತದೆ ಅಷ್ಟೇ.

ಪ್ರದರ್ಶನಕ್ಕೆ ಹೋಗುವವರೆಲ್ಲ ಚಿತ್ರ ನೋಡುತ್ತಾರೆ, ಕೋಣೆಯನ್ನು ನೋಡುವವರು ಕಡಿಮೆ. ಬೆಳಕು ಎಷ್ಟು, ಗೋಡೆ ಎಂಥದು, ಗಾಳಿಯಲ್ಲಿ ನೀರೆಷ್ಟು ಎಂಬ ಮೂರು ಸಂಗತಿಗಳು ನಮ್ಮ ಕಣ್ಣಿಗೆ ಏನು ಬೀಳಬೇಕು ಎಂಬುದನ್ನು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತವೆ. ಈ ಸೀಸನ್ನಿನಲ್ಲಿ ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ನನ್ನ ಉತ್ತರವೂ ಈ ಮೂರರ ಸುತ್ತಲೇ ಇದೆ. ಒಂದು, ಕೊಚ್ಚಿಯ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಸಮಕಾಲೀನ ಕಲೆಯ ದೊಡ್ಡ ಪ್ರದರ್ಶನ. ಇನ್ನೊಂದು, ನಮ್ಮ ಬೆಂಗಳೂರಿನ ಕಸ್ತೂರ್ಬಾ ರಸ್ತೆ ಮತ್ತು ಅರಮನೆ ರಸ್ತೆಯ ಮ್ಯೂಸಿಯಮ್ಮುಗಳು. ಒಂದು ಕಡೆ ತೇವವನ್ನು ಒಳಗೆ ಬಿಟ್ಟುಕೊಂಡಿದ್ದಾರೆ, ಇನ್ನೊಂದು ಕಡೆ ಅದನ್ನು ಬಾಗಿಲಲ್ಲೇ ತಡೆದಿದ್ದಾರೆ. ಎರಡನ್ನೂ ಒಂದೇ ತಿಂಗಳಲ್ಲಿ ನೋಡಿದರೆ ಒಂದು ಇನ್ನೊಂದನ್ನು ಅರ್ಥ ಮಾಡಿಸುತ್ತದೆ.

ಕತ್ತಲೆಯ ಲೆಕ್ಕ

ಮೊದಲು ಆ ಲೈಟಿನ ತಗಾದೆ ಮುಗಿಸೋಣ. ಜಲವರ್ಣ, ಹಳೆಯ ಫೋಟೊ, ಬಟ್ಟೆ ಇವುಗಳಿಗೆ ಮ್ಯೂಸಿಯಮ್ಮುಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ). ತೈಲವರ್ಣಕ್ಕೆ 150ರಿಂದ 200. ಕಲ್ಲು, ಕಂಚು, ಸುಟ್ಟ ಮಣ್ಣಿಗೆ ಎಷ್ಟಾದರೂ ಸರಿ. ಹೋಲಿಕೆಗೆ, ನಾವು ಕೆಲಸ ಮಾಡುವ ಆಫೀಸಿನ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರುತ್ತದೆ. ಮಧ್ಯಾಹ್ನದ ಬಿಸಿಲು ಒಂದು ಲಕ್ಷದ ಹತ್ತಿರ. ಬಣ್ಣ ಎಷ್ಟು ಬೇಗ ಮಾಸುತ್ತದೆಂದು ಅಳೆಯಲು ಎಂಟು ಪಟ್ಟಿಗಳ ನೀಲಿ ಉಣ್ಣೆಯ ಒಂದು ಕಾರ್ಡ್ ಇದೆ. ಮೊದಲ ಪಟ್ಟಿಯ ಬಣ್ಣ ಅತಿ ನಾಜೂಕು, ಎಂಟನೆಯದು ಗಟ್ಟಿಮುಟ್ಟು. ಮೊದಲ ದರ್ಜೆಯ ಬಣ್ಣ ಮಾಸಿದ್ದು ಕಣ್ಣಿಗೆ ಕಾಣಲು ಸುಮಾರು 3 ಲಕ್ಷ ಲಕ್ಸ್-ಗಂಟೆ (ಎಷ್ಟು ಲಕ್ಸ್, ಎಷ್ಟು ಗಂಟೆ ಎಂಬುದರ ಗುಣಲಬ್ಧ) ಸಾಕು. ದಿನಕ್ಕೆ 8 ಗಂಟೆ, ವರ್ಷಕ್ಕೆ ಸುಮಾರು 3,000 ಗಂಟೆ ದೀಪ ಉರಿಯುತ್ತದೆಂದು ಇಟ್ಟುಕೊಳ್ಳಿ. 50 ಲಕ್ಸಿನಲ್ಲಿ ಆ ಬಣ್ಣ ಎರಡು ವರ್ಷ ತಡೆಯುತ್ತದೆ. ದೂರಿದವರ ಮಾತು ಕೇಳಿ 500 ಲಕ್ಸ್ ಹಾಕಿದರೆ 600 ಗಂಟೆ, ಅಂದರೆ 75 ದಿನ. ಒಂದು ಪ್ರದರ್ಶನ ಶುರುವಾಗಿ ಮುಗಿಯುವಷ್ಟರಲ್ಲಿ ಚಿತ್ರ ಬೇರೆಯೇ ಆಗಿರುತ್ತದೆ. ಹೋದ ಬಣ್ಣವನ್ನು ಮರಳಿ ತರುವ ರಿಪೇರಿ ಇಲ್ಲ. ಮೂರನೇ ದರ್ಜೆಯ ಬಣ್ಣಕ್ಕೆ 50 ಲಕ್ಸಿನಲ್ಲಿ ಇಪ್ಪತ್ತು ವರ್ಷ ಸಿಗುತ್ತದೆ. ಆದ್ದರಿಂದಲೇ ಒಳ್ಳೆಯ ಮ್ಯೂಸಿಯಮ್ಮು ಕಾಗದದ ಚಿತ್ರವನ್ನು ಮೂರು ನಾಲ್ಕು ತಿಂಗಳು ತೋರಿಸಿ, ಪೆಟ್ಟಿಗೆಯಲ್ಲಿಟ್ಟು, ಕೆಲವು ವರ್ಷ ಮಲಗಲು ಬಿಡುತ್ತದೆ. ಕಳೆದ ಸಲ ನೋಡಿದ್ದು ಈ ಸಲ ಇಲ್ಲವಲ್ಲ ಎಂದು ಬೇಸರ ಮಾಡಿಕೊಳ್ಳುವವರಿಗೆ ಕಾರಣ ಇದೇ.

ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳನ್ನು ನೆನೆಸಿಕೊಳ್ಳಿ. ಅಲ್ಲಿ ಬೆಟ್ಟಕ್ಕೂ ಮಂಜಿಗೂ ನಡುವಿನ ಗೆರೆ ಒಂದು ಚೂರು ಬಣ್ಣದ ಹೆಚ್ಚುಕಡಿಮೆ ಅಷ್ಟೇ. ಆ ಚೂರು ಹೋದರೆ ಬೆಟ್ಟವೂ ಹೋಯಿತು. ಸಾಮಾನ್ಯವಾಗಿ ಜಲವರ್ಣದಲ್ಲಿ ಮೊದಲು ಮಾಸುವುದು ಅರಗಿನ ಜಾತಿಯ ಕೆಂಪುಗಳು ಮತ್ತು ಗಿಡದಿಂದ ಬಂದ ನೀಲಿ. ಕಾವಿ, ಹಳದಿಮಣ್ಣು ಮುಂತಾದ ಮಣ್ಣಿನ ಬಣ್ಣಗಳು ಜಗ್ಗುವುದಿಲ್ಲ. ಹಳೆಯ ಜಲವರ್ಣ ಎಲ್ಲವೂ ಕಂದುಕಂದಾಗಿ ಕಂಡರೆ ಚಿತ್ರಕಾರನ ಮನಸ್ಸೇ ಹಾಗಿತ್ತು ಎಂದು ವಿಮರ್ಶೆ ಬರೆಯುವ ಮುಂಚೆ, ಫ್ರೇಮಿನ ಅಂಚು ಮುಚ್ಚಿದ್ದ ಜಾಗದ ಬಣ್ಣ ಎಲ್ಲಾದರೂ ಇಣುಕುತ್ತಿದೆಯೇ ನೋಡುವುದು ಒಳ್ಳೆಯದು.

ನೋಡುವವರು ಮಾಡಬಹುದಾದದ್ದು ಇಷ್ಟೇ. ಬಿಸಿಲಿನಿಂದ ನೇರವಾಗಿ ಕಾಗದದ ಕೋಣೆಗೆ ನುಗ್ಗಬೇಡಿ. ಕಣ್ಣು ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು. ಅರಮನೆ ರಸ್ತೆಯ ಎನ್‌ಜಿಎಂಎಯ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ) ಮಾಣಿಕ್ಯವೇಲು ಬಂಗಲೆಗೆ ದೊಡ್ಡ ಮರಗಳ ಹುಲ್ಲುಹಾಸು ದಾಟಿ ಹೋಗುವವರಿಗಂತೂ ಇದು ಖಂಡಿತ. ಮೊದಲು ಶಿಲ್ಪ, ಆಮೇಲೆ ತೈಲವರ್ಣ, ಕೊನೆಗೆ ಕಾಗದ, ಈ ಕ್ರಮದಲ್ಲಿ ಹೋದರೆ ಹೊಂದಿಕೆ ತಾನಾಗಿ ಆಗುತ್ತದೆ. ನಡುವೆ ಮೊಬೈಲ್ ನೋಡಿದರೆ ಹೊಂದಿಕೊಂಡ ಕಣ್ಣು ಮತ್ತೆ ಮೊದಲಿಗೇ ಬರುತ್ತದೆ. ಹತ್ತು ನಿಮಿಷ ಕಳೆದ ಮೇಲೆ, "ಇದೇನು ಕತ್ಲೆ" ಎಂದ ಅದೇ ಕೋಣೆಯಲ್ಲಿ ಪೆನ್ಸಿಲ್ಲಿನ ಕರಡುಗೆರೆ ಕೂಡ ಬಣ್ಣದ ಅಡಿಯಿಂದ ಎದ್ದು ಬರುತ್ತದೆ.

ಮೆಣಸಿನ ಗೋದಾಮಿನ ಗೋಡೆ

ಈಗ ಕೊಚ್ಚಿ. ಈ ಸಲದ್ದು ಆರನೇ ಆವೃತ್ತಿ. 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರವರೆಗೆ, 110 ದಿನ. ಕ್ಯೂರೇಟರ್, ಅಂದರೆ ಕೃತಿಗಳನ್ನು ಆಯ್ದು ಜೋಡಿಸುವವರು, ನಿಖಿಲ್ ಚೋಪ್ರಾ ಮತ್ತು ಗೋವಾದ ಎಚ್‌ಎಚ್ ಆರ್ಟ್ ಸ್ಪೇಸಸ್ ಬಳಗ. ಹೆಸರು 'ಫಾರ್ ದ ಟೈಮ್ ಬೀಯಿಂಗ್'. ಸದ್ಯಕ್ಕೆ ಅನ್ನುತ್ತೇವಲ್ಲ, ಆ ಧಾಟಿ. ಚೋಪ್ರಾ ಸ್ವತಃ ಗಂಟೆಗಟ್ಟಲೆ ನಡೆಯುವ ಪ್ರದರ್ಶನಕಲೆಯಿಂದ ಬಂದವರು. ಹಾಗಾಗಿ ಗೋಡೆಗೆ ಹೊಡೆದ ಮೊಳೆಗಿಂತ ನಡೆಯುತ್ತಿರುವ ಕೆಲಸಕ್ಕೆ ಇಲ್ಲಿ ಬೆಲೆ ಹೆಚ್ಚು.

ಬಿನಾಲೆಯ ಮುಖ್ಯ ಠಿಕಾಣಿ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಜಾನ್ ಆಸ್ಪಿನ್‌ವಾಲ್ ಶುರು ಮಾಡಿದ ವ್ಯಾಪಾರದ ಮನೆ. ತೆಂಗಿನ ನಾರು, ಮೆಣಸು, ಶುಂಠಿ, ಮಜ್ಜಿಗೆಹುಲ್ಲಿನ ಎಣ್ಣೆ ಹಡಗಿಗೆ ಹತ್ತುತ್ತಿದ್ದ ಜಾಗ. ಕರಾವಳಿಯವರಿಗೆ ಈ ಹೆಸರು ಹೊಸದಲ್ಲ, ಮಂಗಳೂರಿನಲ್ಲಿ ಕಾಫಿ ಕ್ಯೂರಿಂಗ್ ಮಾಡುತ್ತಿದ್ದ ಕಂಪನಿಯೂ ಇದೇ. ಹೆಂಚಿನ ಮಾಡು, ಮರದ ಅಟ್ಟ, ಮುರಕಲ್ಲಿನ ಗೋಡೆ, ಅದಕ್ಕೆ ಸುಣ್ಣದ ಗಾರೆ, ನಾಲ್ಕು ಹೆಜ್ಜೆಗೆ ಹಿನ್ನೀರು. ಮೆಣಸು ಇಡಲು ಕಟ್ಟಿದ ಕಟ್ಟಡಕ್ಕೆ ಗಾಳಿ ಆಡಿದರೆ ಸಾಕಿತ್ತು. ಜಲವರ್ಣ ಇಡುತ್ತೇವೆಂದು ಯಾರೂ ಕನಸು ಕಂಡಿರಲಿಲ್ಲ.

ಇಂಥ ಗೋಡೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ನಮ್ಮ ಕರಾವಳಿಯ ಹಳೆಯ ಮನೆಯವರಿಗೆಲ್ಲ ಗೊತ್ತು. ನೆಲದ ನೀರು ಮುರಕಲ್ಲಿನ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ಹೆಚ್ಚೆಂದರೆ ಸೊಂಟದ ಮಟ್ಟದವರೆಗೆ. ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತದೆ. ನೀರು ಆರಿಹೋಗುತ್ತದೆ, ಅದು ಹೊತ್ತು ತಂದ ಉಪ್ಪು ಮೇಲ್ಮೈಯಲ್ಲಿ ಉಳಿಯುತ್ತದೆ. ಬೆರಳಿಟ್ಟರೆ ಬಿಳಿ ಪುಡಿ. ನಂತರದ ಕಾಲದವರು ಯಾರೋ ರಿಪೇರಿ ಎಂದು ಸಿಮೆಂಟ್ ಬಳಿದಿದ್ದರೆ ಕಥೆ ಕೆಡುತ್ತದೆ. ಹೊರಗೆ ಬರಲು ದಾರಿಯಿಲ್ಲದ ನೀರು ಇನ್ನೂ ಎತ್ತರಕ್ಕೆ ಏರಿ, ಗಾರೆಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಆಸ್ಪಿನ್‌ವಾಲ್‌ನಲ್ಲೋ ಮಟ್ಟಾಂಚೇರಿಯ ಯಾವುದೇ ಗೋದಾಮಿನಲ್ಲೋ ಚಿತ್ರದಿಂದ ಕಣ್ಣು ಇಳಿಸಿ ಗೋಡೆಯ ಕೆಳಭಾಗ ನೋಡಿ, ತೇವ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ಭೂಪಟದ ಗೆರೆಯಂತೆ ಕಾಣುತ್ತದೆ.

ಈ ಗೋಡೆಗೆ ನೇರವಾಗಿ ಫ್ರೇಮ್ ತೂಗುಹಾಕಿದರೆ ಕೆಲವೇ ವಾರಗಳಲ್ಲಿ ಹಿಂದಿನ ರಟ್ಟಿಗೆ ಬೂಷ್ಟು. ಬೂಷ್ಟಿಗೆ ಗಾಳಿಯ ತೇವಾಂಶ ಶೇ. 65–70 ದಾಟಿದರೆ ಸಾಕು, ಕೊಚ್ಚಿಯಲ್ಲಿ ಒಣ ತಿಂಗಳುಗಳಲ್ಲೂ ಅದು ಅಲ್ಲಿಯೇ ಸುಳಿಯುತ್ತಿರುತ್ತದೆ. ಆದ್ದರಿಂದ ಮಾಡುವ ಉಪಾಯ, ಹಳೆಯ ಗೋಡೆಯಿಂದ ಕೆಲವು ಅಂಗುಲ ಬಿಟ್ಟು ಪ್ಲೈವುಡ್ಡಿನ ಸುಳ್ಳುಗೋಡೆ ನಿಲ್ಲಿಸಿ ಬಿಳಿ ಬಣ್ಣ ಬಳಿಯುವುದು. ಇದನ್ನು ಗುರುತಿಸುವುದು ಸುಲಭ. ಪ್ಲೈವುಡ್ ಹಾಳೆಯ ಅಗಲ 4 ಅಡಿ. ಸೀಸನ್ ಅರ್ಧ ಕಳೆಯುವ ಹೊತ್ತಿಗೆ ಪ್ಲೈ ನೀರು ಕುಡಿದು ಹಿಗ್ಗಿ, ಹಾಳೆಗಳ ಸಂದಿನಲ್ಲಿ ತುಂಬಿದ್ದ ಪುಟ್ಟಿ ಬಿರಿದಿರುತ್ತದೆ. ಬಿಳಿ ಗೋಡೆಯಲ್ಲಿ ಪ್ರತಿ 4 ಅಡಿಗೊಂದು ಕೂದಲೆಳೆಯ ಲಂಬಗೆರೆ ಕಂಡರೆ ಅದರ ಹಿಂದೆ ಆಸ್ಪಿನ್‌ವಾಲ್ ಉಸಿರಾಡುತ್ತಿದೆ ಎಂದು ತಿಳಿಯಿರಿ.

ತೇವವನ್ನು ಬಲ್ಲ ಕಲಾವಿದರು ಅದರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. 2012ರ ಮೊದಲ ಆವೃತ್ತಿಯಲ್ಲಿ ವಿವಾನ್ ಸುಂದರಂ ಕೊಚ್ಚಿಗೆ ಹತ್ತಿರದ ಪಟ್ಟಣಂ ಎಂಬ ಊರಿನ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳನ್ನು ನೆಲದಲ್ಲಿ ಹರಡಿ ಮುಳುಗಿದ ಊರೊಂದನ್ನು ಕಟ್ಟಿದರು. ಎರಡು ಸಾವಿರ ವರ್ಷ ಮಣ್ಣಲ್ಲಿದ್ದ ಚೂರಿಗೆ ಕೊಚ್ಚಿಯ ಗಾಳಿ ಯಾವ ಲೆಕ್ಕ? ಅದೇ ಸಲ ಕುಂದಾಪುರ ಸೀಮೆಯ ಎಲ್.ಎನ್. ತಲ್ಲೂರು ತಂದದ್ದು ಮಂಗಳೂರು ಹೆಂಚು. ಹೆಂಚಿನ ಮಾಡು, ಅದರ ಮೇಲೆ ಹಠಯೋಗದ ಭಂಗಿಗಳಲ್ಲಿ ಪುಟ್ಟ ಪುಟ್ಟ ಮಣ್ಣಿನ ಬೊಂಬೆಗಳು. ಬಾಸೆಲ್ ಮಿಶನ್ನಿನ ಜರ್ಮನ್ನರು ನೇತ್ರಾವತಿಯ ಮಣ್ಣಿನಿಂದ ಅಚ್ಚುಹಾಕಲು ಕಲಿಸಿದ ಹೆಂಚು, ಬ್ರಿಟಿಷ್ ಗೋದಾಮಿನ ಹೆಂಚಿನ ಮಾಡಿನ ಕೆಳಗೆ ಇನ್ನೊಂದು ಮಾಡಾಗಿ ಕೂತಿತ್ತು. ಅದನ್ನು ತಂಪು ಹವೆಯ ಬಿಳಿ ಕೋಣೆಯಲ್ಲಿಟ್ಟರೆ ಅರ್ಧ ಅರ್ಥ ಹೋಗುತ್ತದೆ. ಈ ಸಲ ಘಾನಾದ ಇಬ್ರಾಹಿಂ ಮಹಾಮ ಆನಂದ್ ವೇರ್‌ಹೌಸಿನಲ್ಲಿ ಹಳೆಯ ಗೋಣಿಚೀಲಗಳನ್ನು ಗೋಡೆಗಳಿಗೆ ಹೊದಿಸಿ, ಕುರ್ಚಿಗಳನ್ನು ಹಾಕಿ ಸಭೆಯೊಂದನ್ನು ಮಾಡಿದ್ದಾರೆ. ಗೋಣಿಗೆ ತೇವ ತಗುಲಿದರೆ ಬರುವ ವಾಸನೆ ಮಂಡಿಯಲ್ಲಿ ಓಡಾಡಿದವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ಆ ವಾಸನೆಯೂ ಕೃತಿಯ ಪಾಲು.

ಎಲ್ಲ ಸಲವೂ ಇದು ಹೀಗೆ ಸುಸೂತ್ರ ನಡೆದಿಲ್ಲ. 2022ರ ಆವೃತ್ತಿ ಡಿಸೆಂಬರ್ 12ಕ್ಕೆ ಶುರುವಾಗಬೇಕಿದ್ದುದು 23ಕ್ಕೆ ಹೋಯಿತು. ಭಾಗವಹಿಸಿದ್ದ ಕಲಾವಿದರೇ ಬಹಿರಂಗ ಪತ್ರ ಬರೆದರು: ಸಾಗಣೆ ತಡವಾಯಿತು, ವಿದ್ಯುತ್ ಸ್ಥಿರವಾಗಿರಲಿಲ್ಲ, ಮಳೆನೀರು ಗ್ಯಾಲರಿಗೆ ಬಂದು ಕೃತಿಗಳಿಗೂ ಯಂತ್ರಗಳಿಗೂ ತೊಂದರೆಯಾಯಿತು ಎಂದು. ಡಿಸೆಂಬರ್ ಮೊದಲೆರಡು ವಾರ ಬಂಗಾಳಕೊಲ್ಲಿಯ ಚಂಡಮಾರುತದ ಕಾಲವೂ ಹೌದು. ಹಳೆಯ ಹೆಂಚಿನ ಮಾಡಿನಲ್ಲಿ ಒಂದು ಹೆಂಚು ಜಾರಿದ್ದು ಮಳೆ ಬಂದಾಗಲೇ ಗೊತ್ತಾಗುವುದು. ಈ ಕಾರಣಕ್ಕೇ ಕೊಚ್ಚಿಗೆ ಉದ್ಘಾಟನೆಯ ವಾರ ಹೋಗಬೇಡಿ ಅನ್ನುತ್ತೇನೆ. ಅರ್ಧ ಕೋಣೆಗಳಲ್ಲಿ ಇನ್ನೂ ಏಣಿ ನಿಂತಿರುತ್ತದೆ. ಮಾರ್ಚ್ ಕೊನೆಯ ವಾರವೂ ಬೇಡ, ಸೆಕೆ ಒಂದು ಕಡೆ, ಕೈಕೊಟ್ಟ ಪ್ರೊಜೆಕ್ಟರುಗಳು ಇನ್ನೊಂದು ಕಡೆ. ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಆರು ವಾರ ಚೆನ್ನ.

ಮೊಣಕಾಲಿನವರೆಗೆ ಕಡಲು

ತೇವವನ್ನು ಒಳಗೆ ಬಿಟ್ಟುಕೊಳ್ಳುವುದು ಎಂದರೆ ಏನು ಎಂಬುದಕ್ಕೆ 2016ರ ಒಂದು ಕೋಣೆಯನ್ನು ಬಿಟ್ಟು ಬೇರೆ ಉದಾಹರಣೆ ಬೇಕಿಲ್ಲ. ಆ ಸಲ ಕ್ಯೂರೇಟರ್ ಆಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ. ಚಿತ್ರಕಾರರ ಜೊತೆ ಕವಿಗಳನ್ನೂ ಕರೆದಿದ್ದರು, ಅವರಲ್ಲಿ ಒಬ್ಬರು ಚಿಲಿಯ ರವೂಲ್ ಸುರಿತಾ. ಆಸ್ಪಿನ್‌ವಾಲ್‌ನ ಒಂದು ಉದ್ದನೆಯ ಗೋದಾಮಿಗೆ ಕಡಲ ನೀರು ತುಂಬಿಸಲಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಪ್ಯಾಂಟು ಮಡಿಸಬೇಕು, ಸೀರೆ ಎತ್ತಿ ಸಿಕ್ಕಿಸಬೇಕು. ಎರಡೂ ಬದಿಯ ಗೋಡೆಗಳಲ್ಲಿ ದೊಡ್ಡ ಹಾಳೆಗಳ ಮೇಲೆ ಒಂದೊಂದೇ ಪ್ರಶ್ನೆ: ಕೇಳಿಸುವುದಿಲ್ಲವೇ, ಕಾಣಿಸುವುದಿಲ್ಲವೇ ಎಂಬ ಜಾತಿಯವು. ಎದುರಿನ ಗೋಡೆಯಲ್ಲೂ ಏನೋ ಬರೆದಿದೆ, ಆದರೆ ಬಾಗಿಲಿನಿಂದ ಓದಲಾಗದಷ್ಟು ದೂರ. ಓದಬೇಕೆಂದರೆ ನೀರಿನಲ್ಲಿ ಅಷ್ಟುದ್ದ ನಡೆಯಲೇಬೇಕು.

ಜನ ನಡೆದ ರೀತಿ ನೋಡುವಂತಿತ್ತು. ಮೊದಲ ಹತ್ತು ಹೆಜ್ಜೆ ನಗು, ಸೆಲ್ಫಿ, ಮಕ್ಕಳು ನೀರು ಚಿಮ್ಮಿಸುವುದು. ನೀರಿನಲ್ಲಿ ಬೇಗ ನಡೆಯಲಾಗದು. ಕಾಲು ಎಳೆದಂತೆಲ್ಲ ಎದುರಿನ ನೀರು ತಡೆಯುತ್ತದೆ, ನೆಲ ಕಾಣದೆ ಹೆಜ್ಜೆ ಅಳೆದು ಇಡಬೇಕಾಗುತ್ತದೆ. ಅರ್ಧ ದಾರಿಗೆ ಮಾತು ತಾನಾಗಿ ನಿಲ್ಲುತ್ತದೆ. ಕೊನೆಯ ಗೋಡೆಯಲ್ಲಿದ್ದುದು ಗಾಲಿಪ್ ಕುರ್ದಿಗೆ ಬರೆದ ಸಾಲುಗಳು. 2015ರ ಸೆಪ್ಟೆಂಬರಿನಲ್ಲಿ ದೋಣಿ ಮಗುಚಿ ಟರ್ಕಿಯ ದಂಡೆಗೆ ಬಂದು ಬಿದ್ದ, ಸಿರಿಯಾದ ನಿರಾಶ್ರಿತ ಕುಟುಂಬದ ಪುಟ್ಟ ಆಲನ್‌ನ ಫೋಟೊ ಲೋಕಕ್ಕೆಲ್ಲ ಗೊತ್ತು. ಅವನ ಅಣ್ಣ, ಐದು ವರ್ಷದ ಗಾಲಿಪ್ ಕೂಡ ಅದೇ ದೋಣಿಯಲ್ಲಿ ಮುಳುಗಿದ. ಅವನದು ಅಂಥ ಫೋಟೊ ಇಲ್ಲ. ಕೋಣೆಯಲ್ಲೂ ಚಿತ್ರ ಇರಲಿಲ್ಲ, ನೀರು ಮಾತ್ರ. ಓದಿದವರು ತಿರುಗಿ ಅಷ್ಟೇ ದೂರ, ಅದೇ ನೀರಿನಲ್ಲಿ ವಾಪಸು ಬರಬೇಕು. ಬೇರೆ ಬಾಗಿಲಿರಲಿಲ್ಲ. ವಾಪಸು ಬರುವವರ ಮುಖ ನೋಡಿ, ಒಳಗೆ ಹೋಗುವವರು ನಗು ನಿಲ್ಲಿಸುತ್ತಿದ್ದರು.

ಅದಕ್ಕೆ ಎರಡು ವರ್ಷ ಮುಂಚೆ, 2014ರಲ್ಲಿ, ಅದೇ ಕಾಂಪೌಂಡಿನ ಹಿನ್ನೀರಿನ ಬದಿಯ ಕೋಣೆಯಲ್ಲಿ ಶಿಲ್ಪಿ ಅನಿಶ್ ಕಪೂರ್ ನೆಲ ಬಗೆದು ಕಪ್ಪು ನೀರಿನ ಸುಳಿಯೊಂದನ್ನು ಕೂರಿಸಿದ್ದರು. ಕೆಳಗಿನ ಮೋಟಾರು ನೀರನ್ನು ತಿರುಗಿಸುತ್ತದೆ, ನಡುವಿನಲ್ಲಿ ತಳವಿಲ್ಲದ ಗುಂಡಿ ಬಿದ್ದಂತೆ ಕಾಣುತ್ತದೆ, ಸುತ್ತ ಕಟಾಂಜನ. ನೀರಿನ ಸದ್ದಿಗಿಂತ ಅಂಗಾಲಿಗೆ ಬರುವ ನಡುಕ ಹೆಚ್ಚು ಹೆದರಿಸುತ್ತಿತ್ತು. ಅದೇ ಸುಳಿ ಮುಂದೆ ವರ್ಸೇಲ್ಸಿನ ತೋಟಕ್ಕೂ ನ್ಯೂಯಾರ್ಕಿನ ನದಿದಂಡೆಗೂ ಹೋಯಿತು, ಇನ್ನೂ ದೊಡ್ಡದಾಗಿ, ಬಯಲಿನಲ್ಲಿ. ನನ್ನ ಮಟ್ಟಿಗೆ ಅದು ಕೊಚ್ಚಿಯ ಕೋಣೆಯಲ್ಲಿ ಗೆದ್ದಿತ್ತು. ಚಾವಣಿ ಇದ್ದಾಗ ಮಾತ್ರ ನೆಲ ಬಾಯಿಬಿಟ್ಟದ್ದು ಭಯ ಹುಟ್ಟಿಸುತ್ತದೆ. ಬಯಲಿನಲ್ಲಿ ಅದೊಂದು ಕಾರಂಜಿಯ ತಮ್ಮ.

ಹೋಗುವವರಿಗೆ

ಬೆಂಗಳೂರಿನಿಂದ ರಾತ್ರಿ ಹೊರಡುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಎರ್ನಾಕುಲಂ. ಕನಿಷ್ಠ ಎರಡು ಪೂರ್ತಿ ದಿನ ಬೇಕು. ಒಂದೇ ದಿನದಲ್ಲಿ ಮುಗಿಸುತ್ತೇನೆ ಎಂದು ಹೋದವರು ಆಸ್ಪಿನ್‌ವಾಲ್ ನೋಡಿ ಸುಸ್ತಾಗಿ, ಉಳಿದದ್ದನ್ನು ಇನ್‌ಸ್ಟಾಗ್ರಾಮಿನಲ್ಲಿ ನೋಡುತ್ತಾರೆ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಫೋರ್ಟ್ ಕೊಚ್ಚಿಗೆ ಹೋಗುತ್ತದೆ, ಹಳೆಯ ಸರ್ಕಾರಿ ದೋಣಿಯೂ ಇದೆ. ಇಳಿದ ಮೇಲೆ ನಡಿಗೆಯೇ ಸರಿ. ಮೊದಲ ದಿನ ಬಾಗಿಲು ತೆರೆಯುವ ಹೊತ್ತಿಗೆ ಆಸ್ಪಿನ್‌ವಾಲ್, ಬಿಸಿಲೇರಿದ ಮೇಲೆ ಅಂಗಳವಿರುವ ಪೆಪ್ಪರ್ ಹೌಸ್. ಎರಡನೇ ದಿನ ಬಜಾರ್ ರಸ್ತೆ ಹಿಡಿದು ಮಟ್ಟಾಂಚೇರಿಯ ಗೋದಾಮುಗಳು. ಅಲ್ಲಿ ಲಾರಿಗಳು ಇನ್ನೂ ಅಕ್ಕಿಮೂಟೆ ಇಳಿಸುತ್ತಿರುತ್ತವೆ, ಯಾವುದು ಪ್ರದರ್ಶನ ಯಾವುದು ಮಂಡಿ ಎಂದು ಒಂದು ಕ್ಷಣ ಗೊತ್ತಾಗುವುದಿಲ್ಲ. ವಿಲಿಂಗ್ಡನ್ ದ್ವೀಪದ ವೇರ್‌ಹೌಸಿಗೆ ಬೇರೆಯೇ ಅರ್ಧ ದಿನ ಇಟ್ಟುಕೊಳ್ಳಿ. ಎರ್ನಾಕುಲಂ ಬದಿಯ ದರ್ಬಾರ್ ಹಾಲನ್ನು ರೈಲು ಹಿಡಿಯುವ ದಿನಕ್ಕೆ ಬಿಡಿ. ಬಿನಾಲೆಗಾಗಿ ಅದನ್ನು ಮ್ಯೂಸಿಯಮ್ಮಿನ ಮಟ್ಟದ ಹವೆ-ಬೆಳಕಿಗೆ ನವೀಕರಿಸಿದ್ದಾರೆ. ಗೋದಾಮುಗಳ ನಂತರ ಅದರ ಒಳಗೆ ಕಾಲಿಟ್ಟರೆ ಚರ್ಮಕ್ಕೇ ವ್ಯತ್ಯಾಸ ಗೊತ್ತಾಗುತ್ತದೆ.

ಬೇಗ ಬಿಚ್ಚಿ ಹಾಕುವ ಚಪ್ಪಲಿ, ನೀರಿನ ಬಾಟಲಿ, ಬೆವರೊರೆಸಲು ಪಂಚೆತುಂಡು. ವಿಡಿಯೊ ಕೃತಿಗಳ ಮುಂದೆ ಮೊದಲು ಚೀಟಿಯಲ್ಲಿ ಅವಧಿ ನೋಡಿ. 7 ನಿಮಿಷದ್ದಾದರೆ ಪೂರ್ತಿ ಕೂರಿ, 50 ನಿಮಿಷದ್ದಾದರೆ ಕೂರಬೇಕೋ ಬೇಡವೋ ಎಂದು ನಿಂತಲ್ಲೇ ತೀರ್ಮಾನಿಸಿ. ಹತ್ತು ನಿಮಿಷ ಕೂತು ಎದ್ದುಬರುವುದು ಇಬ್ಬರಿಗೂ ನಷ್ಟ. ನೇರ ಪ್ರದರ್ಶನಗಳಿಗೆ ಗಂಟೆ ನಿಗದಿಯಾಗಿರುತ್ತದೆ, ಆ ದಿನದ ಪಟ್ಟಿಯನ್ನು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ. ಪರದೆ ಕಪ್ಪಾಗಿದ್ದರೆ ಅದು ಕೆಟ್ಟಿದೆಯೋ ಅಥವಾ ಇರಬೇಕಾದದ್ದೇ ಹಾಗೋ ಎಂಬ ಸಮಕಾಲೀನ ಕಲೆಯ ಹಳೆಯ ಅನುಮಾನ ಬಂದರೆ ನಾಚಿಕೆಪಡದೆ ಸ್ವಯಂಸೇವಕರನ್ನು ಕೇಳಿ. ಹತ್ತರಲ್ಲಿ ಕೆಲವು ಸಲವಾದರೂ ಅದು ಬಿಸಿಯಾಗಿ ತಾನೇ ಆರಿಕೊಂಡ ಪ್ರೊಜೆಕ್ಟರ್ ಆಗಿರುತ್ತದೆ. ಇನ್ನು, ದೇಶದ ಕಲಾಶಾಲೆಗಳ ಹುಡುಗರು ಮಾಡುವ ಸ್ಟೂಡೆಂಟ್ಸ್ ಬಿನಾಲೆಯನ್ನು ಸಮಯವಿಲ್ಲವೆಂದು ಬಿಡುವವರು ಬಹಳ. ದೊಡ್ಡ ಹೆಸರಿನ ಒಂದು ಕೋಣೆ ಬಿಟ್ಟಾದರೂ ಅದನ್ನು ನೋಡಿ. ದುಡ್ಡಿಲ್ಲದವರು ಗೋಡೆಯ ಜೊತೆ ಹೊಂದಾಣಿಕೆ ಮಾಡಿಕೊಳ್ಳುವುದರಲ್ಲಿ ಜಾಣರು.

ಕಸ್ತೂರ್ಬಾ ರಸ್ತೆಯ ಉಕ್ಕಿನ ಪೆಟ್ಟಿಗೆ

ಕೊಚ್ಚಿಯಿಂದ ಬಂದ ವಾರದಲ್ಲೇ ಕಸ್ತೂರ್ಬಾ ರಸ್ತೆಯ ಮ್ಯಾಪ್‌ಗೆ, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಗೆ ಹೋಗಬೇಕು. 2023ರ ಫೆಬ್ರವರಿಯಲ್ಲಿ ತೆರೆದ ಐದಂತಸ್ತಿನ ಕಟ್ಟಡ. ಮೈತುಂಬ ಉಕ್ಕಿನ ತಗಡು, ತಗಡಿನ ಮೇಲೆ ಒಂದನ್ನೊಂದು ಕತ್ತರಿಸುವ ಉಬ್ಬುಗೆರೆಗಳು. ನಮ್ಮ ಊರುಗಳ ಹಳೆಯ ಉಕ್ಕಿನ ನೀರಿನ ಟ್ಯಾಂಕುಗಳ ನೆನಪಿನಿಂದ ಬಂದ ವಿನ್ಯಾಸ. ಟ್ಯಾಂಕ್ ನೀರನ್ನು ಒಳಗೆ ಹಿಡಿದಿಡುತ್ತಿತ್ತು, ಇದು ನೀರನ್ನು ಹೊರಗೆ ನಿಲ್ಲಿಸುತ್ತದೆ. ಫೋಟೊಗ್ರಫಿಯ ದೊಡ್ಡ ಸಂಗ್ರಹವಿರುವ ಜಾಗಕ್ಕೆ ಅದು ಬೇಕೇ ಬೇಕು, ಹಳೆಯ ಫೋಟೊದ ಜೆಲಾಟಿನ್ ಪದರ ತೇವ ಕುಡಿದರೆ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಶುರುವಿನಲ್ಲಿ ಅಲ್ಲಿ ಜ್ಯೋತಿ ಭಟ್ಟರ ಫೋಟೊಗಳೂ, ಕೊಚ್ಚಿಯಲ್ಲಿ ಹೆಂಚು ಹೊದಿಸಿದ ಅದೇ ತಲ್ಲೂರರ 'ಚಿರಾಗ್-ಎ-ಎಐ' ಕೂಡ ಇದ್ದವು. ಒಬ್ಬರೇ ಕಲಾವಿದರು ಒದ್ದೆ ಗೋದಾಮಿನಲ್ಲಿ ಒಂದು ಬಗೆ, ಒಣ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆ.

ಬೆಂಗಳೂರಿನ ತೊಂದರೆ ಕೊಚ್ಚಿಗೆ ತದ್ವಿರುದ್ಧ. ಮಾರ್ಚ್ ಮಧ್ಯಾಹ್ನ ಇಲ್ಲಿ ತೇವಾಂಶ ಶೇ. 30ಕ್ಕಿಂತ ಕೆಳಗೆ ಹೋಗುತ್ತದೆ, ಆಗಸ್ಟಿನಲ್ಲಿ 80ರ ಆಚೆ. ಚಿತ್ರವನ್ನು ಕೊಲ್ಲುವುದು ಒಣಹವೆಗಿಂತ ಈ ಏರಿಳಿತ. ಮರದ ಚೌಕಟ್ಟು ಹಿಗ್ಗಿ ಕುಗ್ಗಿ, ಕ್ಯಾನ್ವಾಸ್ ಸಡಿಲಾಗಿ ಬಿಗಿದು, ಅದರ ಮೇಲಿನ ಬಣ್ಣ ಮೂಲೆಗಳಿಂದ ಬಿರಿಯಲು ಶುರುವಾಗುತ್ತದೆ. ಬೇರೆ ಊರಿನಿಂದ ಬಂದ ಪೆಟ್ಟಿಗೆಯನ್ನು ಗ್ಯಾಲರಿಯವರು ಬಂದ ದಿನವೇ ಒಡೆಯುವುದಿಲ್ಲ. 24 ಗಂಟೆ ಕೋಣೆಯಲ್ಲಿ ಹಾಗೇ ಇಟ್ಟು, ಒಳಗಿನ ಗಾಳಿ ಹೊರಗಿನದಕ್ಕೆ ನಿಧಾನ ಹೊಂದಿಕೊಂಡ ಮೇಲೆ ತೆರೆದು, ಎಲ್ಲೆಲ್ಲಿ ಗೀರು ಬಿರುಕು ಇದೆಯೆಂದು ಫೋಟೊ ಸಮೇತ ಬರೆದುಕೊಳ್ಳುತ್ತಾರೆ. ಉದ್ಘಾಟನೆಯ ಹಿಂದಿನ ದಿನ ಪೆಟ್ಟಿಗೆ ಬಂದರೆ ಗ್ಯಾಲರಿಯವರ ಮುಖ ಯಾಕೆ ಹಾಗಿರುತ್ತದೆ ಎಂದು ಈಗ ಗೊತ್ತಾಗಿರಬೇಕು.

ಇಲ್ಲಿ ನೋಡಬೇಕಾದ ಇನ್ನೊಂದು, ಎತ್ತರ. ಚಿತ್ರದ ನಡುಗೆರೆ ನೆಲದಿಂದ 145ರಿಂದ 152 ಸೆಂಟಿಮೀಟರ್ ಇರಬೇಕೆಂಬುದು ಹೊರದೇಶದ ಗ್ಯಾಲರಿಗಳ ರೂಢಿ, ಅದನ್ನೇ ನಾವೂ ಎತ್ತಿಕೊಂಡಿದ್ದೇವೆ. ನಮ್ಮ ಹೆಂಗಸರ ಸರಾಸರಿ ಎತ್ತರವೇ ಸುಮಾರು 152, ಕಣ್ಣಿನ ಮಟ್ಟ ಇನ್ನೂ ಅರ್ಧ ಗೇಣು ಹತ್ತಿರ ಕೆಳಗೆ. ಮಕ್ಕಳ ಗುಂಪು ಬಂದಾಗ ನೋಡಿ, ಎಲ್ಲರ ಕತ್ತೂ ಮೇಲೆ. ಪ್ರತಿಫಲನದ ಕಾಟಕ್ಕೂ ಇದಕ್ಕೂ ಸಂಬಂಧವಿದೆ. ದೀಪವನ್ನು ಲಂಬದಿಂದ 30 ಡಿಗ್ರಿ ಓರೆಯಾಗಿ ಬಿಡುತ್ತಾರೆ. ಕಡಿಮೆಯಾದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ಹೆಚ್ಚಾದರೆ ಗಾಜಿನಲ್ಲಿ ದೀಪವೇ ಕಾಣುತ್ತದೆ. ಸಾಮಾನ್ಯ ಗಾಜು ಬಿದ್ದ ಬೆಳಕಿನ ಸುಮಾರು ಶೇ. 8ನ್ನು ವಾಪಸು ಎಸೆಯುತ್ತದೆ, ಪ್ರತಿಫಲನ ತಡೆವ ದುಬಾರಿ ಗಾಜು ಶೇ. 1ಕ್ಕಿಂತ ಕಡಿಮೆ. ಕಪ್ಪು ಹೆಚ್ಚಿರುವ ಫೋಟೊ ಮುಂದೆ ನಿಂತಾಗ ನಿಮ್ಮ ಅಂಗಿಯೇ ಕಂಡರೆ ಗಾಜು ಯಾವುದೆಂದು ಗೊತ್ತಾಯಿತು. ಒಂದು ಹೆಜ್ಜೆ ಪಕ್ಕಕ್ಕೆ, ಅರ್ಧ ಹೆಜ್ಜೆ ಮುಂದಕ್ಕೆ ಹೋದರೆ ಅಂಗಿ ಜಾರಿಕೊಂಡು ಚಿತ್ರ ಬರುತ್ತದೆ. ಗ್ಯಾಲರಿಗೆ ತಿಳಿ ಬಣ್ಣದ ಅಂಗಿ ಹಾಕಿಕೊಂಡು ಹೋಗಬಾರದು ಎಂಬುದು ಫೋಟೊದವರ ನಡುವಿನ ತಮಾಷೆ, ತಮಾಷೆಯಲ್ಲಿ ಹುರುಳಿದೆ. ಮ್ಯಾಪ್‌ಗೂ ಎನ್‌ಜಿಎಂಎಗೂ ಸೋಮವಾರ ರಜೆ, ಮರೆತು ಹೋಗಿ ಗೇಟು ನೋಡಿ ಬರಬೇಡಿ.

ಸಂತೆಯಿಂದ ಮನೆಗೆ

ಸೀಸನ್ನಿನ ಇನ್ನೊಂದು ತುದಿ ಚಿತ್ರಸಂತೆ. ಜನವರಿ ಮೊದಲಲ್ಲಿ ಒಂದೇ ಭಾನುವಾರ, ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆಯಲ್ಲಿ. ಅಲ್ಲಿ ಗೋಡೆಯೇ ಇಲ್ಲ, ಕಾಂಪೌಂಡಿನ ಕಂಬಿ, ಮರದ ಬುಡ, ಬಿದಿರ ಗಳ. ಜಲವರ್ಣಗಳು ಒಂದು ಲಕ್ಷ ಲಕ್ಸಿನಲ್ಲಿ ಮಲಗಿರುತ್ತವೆ. ಮೇಲಿನ ಲೆಕ್ಕದಲ್ಲಿ ಅತಿ ನಾಜೂಕು ಬಣ್ಣ ಮಾಸಲು ಅಲ್ಲಿ ಮೂರೇ ಗಂಟೆ ಸಾಕು, ಊರೂರು ಸಂತೆ ಸುತ್ತಿ ಬಂದ ಕಾಗದ ಆದರೆ ಲೆಕ್ಕ ಹಾಕಿಕೊಳ್ಳಿ. ಕೊಳ್ಳುವಾಗ ಮುಂಭಾಗವನ್ನು ಎಷ್ಟು ಹೊತ್ತು ನೋಡುತ್ತೀರೋ ಅಷ್ಟೇ ಹೊತ್ತು ಹಿಂಭಾಗ ನೋಡಿ. ಕ್ಯಾನ್ವಾಸಿನ ಬೆನ್ನಿಗೆ ಎಣ್ಣೆ ಇಳಿದಿದೆಯೇ, ಚೌಕಟ್ಟಿನ ಮೂಲೆಯಲ್ಲಿ ಬೆಣೆಗಳಿವೆಯೇ, ಸಹಿ-ವರ್ಷ-ಮಾಧ್ಯಮ ಬರೆದಿದೆಯೇ. ಬೆಳಕಿಗೆ ಓರೆಯಾಗಿ ಹಿಡಿದರೆ ಕುಂಚದ ಉಬ್ಬುತಗ್ಗು ಬಣ್ಣದ ಗೆರೆಗಳ ಜೊತೆ ಹೋಗಬೇಕು. ಉಬ್ಬು ಒಂದು ಕಡೆ, ಬಣ್ಣ ಇನ್ನೊಂದು ಕಡೆ ಹೋಗುತ್ತಿದ್ದರೆ ಅದು ಪ್ರಿಂಟಿನ ಮೇಲೆ ಬಳಿದ ಪಾರದರ್ಶಕ ಜೆಲ್. ಸುತ್ತಿ ಒಯ್ಯುವುದಾದರೆ ಬಣ್ಣದ ಮುಖ ಹೊರಗಿರಲಿ, ಒಳಗೆ ಅಲ್ಲ. ಒಳಮುಖವಾಗಿ ಸುತ್ತಿದ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ. ಸುರುಳಿ ನಾಲ್ಕೈದು ಅಂಗುಲಕ್ಕಿಂತ ಸಣ್ಣದಾಗದಿರಲಿ, ಬಣ್ಣಕ್ಕೆ ಪ್ಲಾಸ್ಟಿಕ್ ತಾಗದಿರಲಿ.

ಮನೆಗೆ ಬಂದ ಮೇಲೆ ಕೊಚ್ಚಿಯ ಗೋಡೆ ಮತ್ತೆ ನೆನಪಾಗಬೇಕು. ಬಚ್ಚಲಿನ ಪಕ್ಕದ ಗೋಡೆ, ಮಳೆ ಹೊಡೆಯುವ ದಿಕ್ಕಿನ ಗೋಡೆ, ಟೆರೇಸಿನ ಕೆಳಗಿನ ಮೊದಲ ಎರಡಡಿ ಬೇಡ. ಮಲೆನಾಡಿನವರಾದರೆ ಹೊರಗೋಡೆಯೇ ಬೇಡ, ನಡುಗೋಡೆಗೆ ಹಾಕಿ. ಮೈಸೂರು ಶೈಲಿಯ ಚಿತ್ರದಲ್ಲಿ ಗೆಸ್ಸೊದ (ಅಂಟು ಬೆರೆಸಿದ ಲೇಪದ) ಉಬ್ಬು, ಅದರ ಮೇಲೆ ಚಿನ್ನದ ಹಾಳೆ ಇರುವುದರಿಂದ ಅದಕ್ಕೆ ತೇವ ತಗುಲಿದರೆ ಮೊದಲು ಬಿಡುವುದು ಆ ಉಬ್ಬೇ. ಫ್ರೇಮಿನವನಿಗೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರುವ, ನಡುವೆ ಕಿಟಕಿ ಕೊರೆದ ರಟ್ಟು) ಎಂದು ಒತ್ತಿ ಹೇಳಿ, ಸಾಧಾರಣ ರಟ್ಟು ಹಾಕಿದರೆ ಕೆಲವು ವರ್ಷಗಳಲ್ಲಿ ಆ ಕಿಟಕಿಯ ಅಂಚಿನುದ್ದಕ್ಕೂ ಕಂದು ಪಟ್ಟಿ ಮೂಡುತ್ತದೆ. ಗಾಜು ಚಿತ್ರಕ್ಕೆ ಅಂಟದಂತೆ ಮೌಂಟ್ ಇರಲೇಬೇಕು. ಕೊನೆಗೆ, ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ವೈನ್ ಬಾಟಲಿಯ ಕಾರ್ಕ್ ಬಿರಡೆಯಿಂದ 5 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆ ಕೊಯ್ದು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲು ಅಷ್ಟು ಸಾಕು. ಜೂನ್ ಶುರುವಿನಲ್ಲೊಮ್ಮೆ, ಆಗಸ್ಟ್ ಕೊನೆಯಲ್ಲೊಮ್ಮೆ ಇಳಿಸಿ ಬೆನ್ನು ಮೂಸಿ ನೋಡಿ. ಬೂಷ್ಟು ಕಣ್ಣಿಗೆ ಕಾಣುವ ಮುಂಚೆ ಮೂಗಿಗೆ ಸಿಗುತ್ತದೆ.